671121: ಆರಂಕಿಯ ಸಂಖ್ಯೆಯೊಂದನ್ನು ಕೈಯಿಂದಲೇ ಪರೀಕ್ಷಿಸಿ ವರ್ಗೀಕರಿಸುವ ಕ್ರಮ

ಕಾಸರಗೋಡು ಪೇಟೆಯ ವಿಳಾಸದ ಕೊನೆಗೆ ಬರೆಯುವ 671121 ಅಂಚೆಯವರ ಮಟ್ಟಿಗೆ ಒಂದು ಗುರುತು ಮಾತ್ರ. ಅದನ್ನು ಕೂಡುವುದಕ್ಕಾಗಲೀ ಭಾಗಿಸುವುದಕ್ಕಾಗಲೀ ಅಂಚೆ ಕಚೇರಿಯಲ್ಲಿ ಅರ್ಥವಿಲ್ಲ. ಆದರೆ ಅದೇ ಆರು ಅಂಕಿಗಳನ್ನು ಆರು ಲಕ್ಷ ಎಪ್ಪತ್ತೊಂದು ಸಾವಿರದ ನೂರ ಇಪ್ಪತ್ತೊಂದು ಎಂಬ ಪೂರ್ಣಸಂಖ್ಯೆಯಾಗಿ ಓದಿದ ಕೂಡಲೇ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಇದು ಅವಿಭಾಜ್ಯವೇ, ಸಂಯುಕ್ತವೇ? ಯಾವುದಾದರೂ ಸಂಖ್ಯೆಯ ವರ್ಗವೇ? ಇದಕ್ಕೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತವೆಷ್ಟು? ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಬಹುದೇ?

ಕನ್ನಡ ಮಾಧ್ಯಮದ ಮಕ್ಕಳಿಗೆ ಹಲವು ವರ್ಷ ಗಣಿತ ಹೇಳಿಕೊಟ್ಟ ಅನುಭವದಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ. ಪಠ್ಯಪುಸ್ತಕದ ಅಪವರ್ತನದ ಲೆಕ್ಕಗಳು ಹೆಚ್ಚಾಗಿ ಎರಡು ಮೂರು ಅಂಕಿಗಳಲ್ಲೇ ಮುಗಿಯುವುದರಿಂದ, ದೊಡ್ಡ ಸಂಖ್ಯೆ ಎದುರಾದಾಗ ಎಲ್ಲಿಂದ ಹಿಡಿಯಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. ತಮ್ಮದೇ ಊರಿನ ಪಿನ್‌ಕೋಡು ಕೊಟ್ಟರೆ ಅವರು ಬಿಡದೆ ಕುಳಿತು ಮಾಡುತ್ತಾರೆ. ಬೇಕಾಗುವುದು ಒಂದು ನೋಟ್‌ಬುಕ್ಕು, ಪೆನ್ಸಿಲು ಮತ್ತು ತಾಳ್ಮೆ. ಕ್ಯಾಲ್ಕ್ಯುಲೇಟರನ್ನು ಕೊನೆಯಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ.

ಭಾರತದಲ್ಲಿ ಪಿನ್‌ಕೋಡು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ದೇಶದ ವಲಯವನ್ನು ಹೇಳುತ್ತದೆ. ಕರ್ನಾಟಕದ ಕೋಡುಗಳು 5ರಿಂದಲೂ ಕೇರಳದವು 6ರಿಂದಲೂ ಆರಂಭವಾಗುವುದರಿಂದ, ಗಡಿಯ ಆಚೀಚೆಗಿನ ಎರಡು ಕನ್ನಡ ಮನೆಗಳ ವಿಳಾಸಗಳು ಮೊದಲ ಅಂಕಿಯಲ್ಲೇ ಬೇರೆಯಾಗುತ್ತವೆ. ನಮ್ಮ ಜಿಲ್ಲೆಯ ಕೋಡುಗಳ ಮೊದಲ ಮೂರು ಅಂಕಿಗಳು 671. ಈ ಸಮಾನ ಮೊದಲ ಅಂಕಿಗಳಿಂದ ಗಣಿತದಲ್ಲಿ ದೊಡ್ಡ ಅನುಕೂಲವೊಂದು ಸಿಗುತ್ತದೆ. ಅದನ್ನು ಮುಂದೆ ನೋಡೋಣ.

ಮೊದಲ ಹೆಜ್ಜೆ: ವರ್ಗಮೂಲದ ಮಿತಿಯನ್ನು ಕಂಡುಹಿಡಿಯುವುದು

ಯಾವುದೇ ಸಂಖ್ಯೆಯನ್ನು ಭಾಗಿಸಲು ತೊಡಗುವ ಮೊದಲು ಎಲ್ಲಿಯವರೆಗೆ ಭಾಗಿಸಬೇಕೆಂದು ತಿಳಿದಿರಬೇಕು. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ಮೀರುವುದು ಸಾಧ್ಯವಿಲ್ಲ, ಏಕೆಂದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾದರೆ ಗುಣಲಬ್ಧವು ಸಂಖ್ಯೆಯನ್ನೇ ಮೀರಿಬಿಡುತ್ತದೆ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

819ರ ವರ್ಗ 670761. 820ರ ವರ್ಗ 672400. ನಮ್ಮ 671121 ಇವೆರಡರ ನಡುವೆ ಬರುತ್ತದೆ. ಅಷ್ಟೇ ಅಲ್ಲ, 671000ದಿಂದ 671999ರವರೆಗಿನ ಎಲ್ಲ ಸಂಖ್ಯೆಗಳೂ ಈ ಎರಡು ವರ್ಗಗಳ ನಡುವೆಯೇ ಬರುತ್ತವೆ. ಹಾಗಾಗಿ ಕಾಸರಗೋಡು ಜಿಲ್ಲೆಯ 671ರಿಂದ ತೊಡಗುವ ಯಾವ ಪಿನ್‌ಕೋಡೂ ಪೂರ್ಣ ವರ್ಗವಲ್ಲ ಎಂಬುದು ಒಂದೇ ಸಾಲಿನಲ್ಲಿ ಸಿದ್ಧವಾಯಿತು. 87ರ ಘನ 658503, 88ರ ಘನ 681472 ಆಗಿರುವುದರಿಂದ ಪೂರ್ಣ ಘನವೂ ಇಲ್ಲ. ಜಿಲ್ಲೆಯ ಯಾವ ಕೋಡನ್ನು ತೆಗೆದುಕೊಂಡರೂ 819ರವರೆಗಿನ ಅವಿಭಾಜ್ಯಗಳ ಒಂದೇ ಪಟ್ಟಿ ಸಾಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 671121ರ ಕೊನೆಯ ಅಂಕಿ 1, ವರ್ಗಸಂಖ್ಯೆಗೆ ಒಪ್ಪುವಂಥದ್ದು. ಅಂಕಿಗಳ ಮೊತ್ತ 18, ಅದನ್ನು ಮತ್ತೆ ಕೂಡಿದರೆ 9, ಅದೂ ಒಪ್ಪುತ್ತದೆ. 8ರಿಂದ ಭಾಗಿಸಿದರೆ ಉಳಿಯುವುದು 1. ಬೆಸ ಸಂಖ್ಯೆಯ ವರ್ಗಕ್ಕೂ ಅದೇ ಶೇಷ. ಹೀಗೆ ಮೂರು ಪರೀಕ್ಷೆಗಳನ್ನು ದಾಟಿ ಬಂದರೂ ಈ ಸಂಖ್ಯೆ ವರ್ಗವಲ್ಲ. ಇಂಥ ಅಂಕಿಯ ಪರೀಕ್ಷೆಗಳು 'ಅಲ್ಲ' ಎಂದಾಗ ನಂಬಬಹುದು, ಆದರೆ ಅವು ಸುಮ್ಮನಿದ್ದ ಮಾತ್ರಕ್ಕೆ 'ಹೌದು' ಎಂದು ತಿಳಿಯಬಾರದು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ.

ಎರಡನೆಯ ಹೆಜ್ಜೆ: ನೋಡಿದ ಕೂಡಲೇ ಹೇಳಬಹುದಾದ ಭಾಜಕಗಳು

ಕೊನೆಯ ಅಂಕಿ ಬೆಸವಾದ್ದರಿಂದ 2 ಇಲ್ಲ. 0 ಅಥವಾ 5 ಅಲ್ಲದ್ದರಿಂದ 5 ಇಲ್ಲ. ಅಂಕಿಗಳನ್ನು ಕೂಡಿ: 6+7+1+1+2+1 = 18. ಇದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ, ಭಾಗಲಬ್ಧ 74569. ಇದರ ಅಂಕಿಗಳ ಮೊತ್ತ 31, ಆದ್ದರಿಂದ ಇನ್ನೊಂದು 3 ಸಿಗುವುದಿಲ್ಲ.

ಈಗ 7, 11, 13. ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಉಪಾಯವೊಂದಿದೆ. 7×11×13 = 1001 ಆಗಿರುವುದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಒಡೆದು, ಗುಂಪುಗಳ ವ್ಯತ್ಯಾಸವನ್ನು ಪರೀಕ್ಷಿಸಿದರೆ ಸಾಕು. ನಾವು ಲಕ್ಷದ ಲೆಕ್ಕದಲ್ಲಿ 6,71,121 ಎಂದು ಅಲ್ಪವಿರಾಮ ಹಾಕುತ್ತೇವೆ. ಈ ಪರೀಕ್ಷೆಗೆ ಆ ವಿರಾಮಗಳನ್ನು ಮರೆತು 671 ಮತ್ತು 121 ಎಂದು ಒಡೆಯಬೇಕು. ವ್ಯತ್ಯಾಸ 550. ಇದು 11ರಿಂದ ಭಾಗವಾಗುತ್ತದೆ, 7ರಿಂದಲೂ 13ರಿಂದಲೂ ಭಾಗವಾಗುವುದಿಲ್ಲ. ಹಾಗಾಗಿ 11 ಒಂದು ಭಾಜಕ.

ನಮ್ಮ ಜಿಲ್ಲೆಗೆ ಇದಕ್ಕಿಂತಲೂ ಸುಲಭದ ದಾರಿ ಇದೆ. 671 ಎಂಬುದೇ 11×61. ಆದ್ದರಿಂದ ಯಾವ ಕಾಸರಗೋಡು ಪಿನ್‌ಕೋಡಿನಲ್ಲಾದರೂ ಕೊನೆಯ ಮೂರು ಅಂಕಿಗಳನ್ನು ಮಾತ್ರ ನೋಡಿ 11 ಮತ್ತು 61ರ ತೀರ್ಮಾನ ಹೇಳಬಹುದು. 121 ಎಂದರೆ 11ರ ವರ್ಗ. ಮುಂದಿನ ಮೂರಂಕಿಯೂ ಹಿಂದಿನ ಮೂರಂಕಿಯೂ 11ರ ಗುಣಕಗಳಾಗಿ ಒಟ್ಟಿಗೆ ನಿಂತ ಈ ಜೋಡಿಯನ್ನು ಮೊದಲ ಬಾರಿ ಗಮನಿಸಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

74569ನ್ನು 11ರಿಂದ ಭಾಗಿಸಿದರೆ 6779. ಇಲ್ಲಿಯವರೆಗೆ ಸಿಕ್ಕಿದ್ದು 671121 = 3×3×11×6779.

37ಕ್ಕೂ ಇಂಥದ್ದೇ ಪರೀಕ್ಷೆ ಇದೆ. 999 = 27×37 ಆದ್ದರಿಂದ ಮೂರಂಕಿಯ ಗುಂಪುಗಳನ್ನು ಕಳೆಯುವ ಬದಲು ಕೂಡಬೇಕು. 671+121 = 792; ಇದು 37ರಿಂದ ಭಾಗವಾಗುವುದಿಲ್ಲ.

ಮೂರನೆಯ ಹೆಜ್ಜೆ: ಉಳಿದ ತುಂಡು ಅವಿಭಾಜ್ಯವೇ ಎಂದು ನೋಡುವುದು

6779ರ ವರ್ಗಮೂಲ 82 ಮತ್ತು 83ರ ನಡುವೆ ಇದೆ. ದೊಡ್ಡ ಸಂಖ್ಯೆಗೆ 819ರವರೆಗೆ ಹೋಗಬೇಕಾಗಿದ್ದದ್ದು, ಸಣ್ಣ ಭಾಜಕಗಳನ್ನು ತೆಗೆದ ಮೇಲೆ 82ಕ್ಕೆ ಇಳಿಯಿತು. 82ರವರೆಗೆ ಅವಿಭಾಜ್ಯಗಳು 22. ಒಂದೊಂದರಿಂದಲೂ ಭಾಗಿಸಿ ಶೇಷವನ್ನು ಸಾಲಾಗಿ ಬರೆಯಿರಿ. 7ಕ್ಕೆ ಶೇಷ 3, 11ಕ್ಕೆ 3, 13ಕ್ಕೆ 6, 17ಕ್ಕೆ 13, 19ಕ್ಕೆ 15, 23ಕ್ಕೆ 17, 29ಕ್ಕೆ 22, 31ಕ್ಕೆ 21, 37ಕ್ಕೆ 8, 41ಕ್ಕೆ 14, 43ಕ್ಕೆ 28, 47ಕ್ಕೆ 11, 53ಕ್ಕೆ 48, 59ಕ್ಕೆ 53, 61ಕ್ಕೆ 8, 67ಕ್ಕೆ 12, 71ಕ್ಕೆ 34, 73ಕ್ಕೆ 63, 79ಕ್ಕೆ 64. ಎಲ್ಲಿಯೂ ಸೊನ್ನೆ ಇಲ್ಲ. 2, 3, 5 ಇಲ್ಲವೆಂಬುದು ನೋಟದಲ್ಲೇ ತಿಳಿಯುತ್ತದೆ. ಆದ್ದರಿಂದ 6779 ಅವಿಭಾಜ್ಯ.

'ಭಾಗವಾಗಲಿಲ್ಲ' ಎಂದು ತಪ್ಪು ಗುರುತು ಹಾಕಿ ಮುಂದೆ ಹೋಗಬೇಡಿ, ಶೇಷವನ್ನೇ ಬರೆಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ ಲೆಕ್ಕವನ್ನು ತಂದು, "ಸರ್, 59ಕ್ಕೆ ಶೇಷ 17 ಬಂತು, ಒಂಬತ್ತರ ತಾಳೆಯೂ ಸರಿಯಾಯಿತು" ಎಂದಳು. ಅವಳು 59×114 = 6726 ಎಂದು ಸರಿಯಾಗಿಯೇ ಗುಣಿಸಿದ್ದಳು; ಕೆಳಗೆ ಇಳಿಸಿಕೊಳ್ಳುವಾಗ ಅಂಕಿಗಳು ಅದಲುಬದಲಾಗಿ 6762 ಆಗಿತ್ತು. ಅದಲುಬದಲಾದ ಅಂಕಿಗಳ ಮೊತ್ತ ಬದಲಾಗದ ಕಾರಣ, ಅಂಕಿಗಳ ಮೊತ್ತವನ್ನಷ್ಟೇ ಹೋಲಿಸುವ ಒಂಬತ್ತರ ತಾಳೆಗೆ ಈ ತಪ್ಪು ಸಿಕ್ಕುವುದೇ ಇಲ್ಲ. ಹನ್ನೊಂದರ ತಾಳೆಗೆ ಸಿಕ್ಕುತ್ತದೆ. ಹೇಗೆಂದರೆ, 59ನ್ನು 11ರಿಂದ ಭಾಗಿಸಿದರೆ ಶೇಷ 4, 114ಕ್ಕೂ 4. ಗುಣಿಸಿದರೆ 16, ಅಂದರೆ 5. ಅವಳ ಶೇಷ 17 ಎಂದರೆ 6. ಕೂಡಿದರೆ 11, ಅಂದರೆ 0. ಆದರೆ 6779ನ್ನು 11ರಿಂದ ಭಾಗಿಸಿದರೆ ಉಳಿಯುವುದು 3. ಎರಡೂ ಕೂಡಿಬರಲಿಲ್ಲ. ಸರಿಯಾದ ಶೇಷ 53 ಇಟ್ಟು ನೋಡಿದರೆ 5 ಮತ್ತು 9 ಸೇರಿ 14, ಅಂದರೆ 3, ತಾಳೆಯಾಗುತ್ತದೆ. ಅಂದಿನಿಂದ ದೀರ್ಘ ಭಾಗಾಕಾರಕ್ಕೆ ಹನ್ನೊಂದರ ತಾಳೆಯನ್ನೇ ನಾನು ಕಡ್ಡಾಯ ಮಾಡಿದ್ದೇನೆ.

ಶೇಷ ಬರೆದಿಟ್ಟರೆ ಇನ್ನೊಂದು ಲಾಭ. 6779ರ ಎರಡು ಮನೆ ಮುಂದಿನ ಬೆಸ ಸಂಖ್ಯೆ 6781. ಹೊಸದಾಗಿ ಭಾಗಿಸಬೇಕಾಗಿಲ್ಲ, ಮೇಲಿನ ಪ್ರತಿ ಶೇಷಕ್ಕೂ 2 ಕೂಡಿ, ಯಾವುದಾದರೂ ಆಯಾ ಭಾಜಕಕ್ಕೆ ಸಮವಾಗುತ್ತದೆಯೇ ಎಂದು ನೋಡಿದರೆ ಮುಗಿಯಿತು. ಒಂದೂ ಆಗುವುದಿಲ್ಲ. ಹಾಗಾಗಿ 6781 ಕೂಡ ಅವಿಭಾಜ್ಯ, ಮತ್ತು ಎರಡರ ಅಂತರದಲ್ಲಿರುವ ಇಂಥ ಜೋಡಿಗೆ ಅವಳಿ ಅವಿಭಾಜ್ಯಗಳೆಂದು ಹೆಸರು. ನಮ್ಮ ಪಿನ್‌ಕೋಡಿನೊಳಗೆ ಅಡಗಿದ್ದ ದೊಡ್ಡ ಅಪವರ್ತನ ಒಂದು ಅವಳಿಯ ಒಡಹುಟ್ಟು.

ಅಪವರ್ತನವನ್ನು ಮತ್ತೆ ಗುಣಿಸಿ ನೋಡದೆ ಪುಟ ತಿರುಗಿಸಬಾರದು. 3×3×11 = 99. 6779ನ್ನು 99ರಿಂದ ಗುಣಿಸುವುದೆಂದರೆ 677900ರಿಂದ 6779 ಕಳೆಯುವುದು, ಉಳಿಯುವುದು 671121.

ನಾಲ್ಕನೆಯ ಹೆಜ್ಜೆ: ಅಪವರ್ತನದಿಂದ ವರ್ಗೀಕರಣಕ್ಕೆ

ಇಲ್ಲಿಂದ ಮುಂದೆ 671121ನ್ನು ಮತ್ತೆ ಭಾಗಿಸುವ ಕೆಲಸವಿಲ್ಲ. 3ರ ವರ್ಗ, 11, 6779 ಎಂಬ ಮೂರು ಮಾತು ಗೊತ್ತಿದ್ದರೆ ಬೇಕಾದ ಉತ್ತರಗಳೆಲ್ಲ ಅದರಿಂದಲೇ ಹೊರಡುತ್ತವೆ.

ಭಾಜಕಗಳ ಸಂಖ್ಯೆ ತಿಳಿಯಲು ಪ್ರತಿ ಘಾತಾಂಕಕ್ಕೂ 1 ಕೂಡಿ ಗುಣಿಸಬೇಕು: 3×2×2 = 12. ಅವನ್ನು ಜೋಡಿಜೋಡಿಯಾಗಿ ಬರೆದರೆ 1 ಮತ್ತು 671121, 3 ಮತ್ತು 223707, 9 ಮತ್ತು 74569, 11 ಮತ್ತು 61011, 33 ಮತ್ತು 20337, 99 ಮತ್ತು 6779. ಭಾಜಕಗಳ ಮೊತ್ತಕ್ಕೆ ಹನ್ನೆರಡನ್ನೂ ಕೂಡಬೇಕಾಗಿಲ್ಲ; (1+3+9)×(1+11)×(1+6779), ಅಂದರೆ 13×12×6780 = 10,57,680. ಇದರಿಂದ ಸಂಖ್ಯೆಯನ್ನೇ ಕಳೆದರೆ ಅದಕ್ಕಿಂತ ಚಿಕ್ಕ ಭಾಜಕಗಳ ಮೊತ್ತ 3,86,559. ಇದು ಸಂಖ್ಯೆಗಿಂತ 2,84,562ರಷ್ಟು ಕಡಿಮೆ. ಹೀಗೆ ಕಡಿಮೆ ಬೀಳುವ ಸಂಖ್ಯೆಯನ್ನು ನ್ಯೂನ ಸಂಖ್ಯೆ ಎನ್ನುತ್ತಾರೆ. ಸರಿಸಮವಾದರೆ ಪರಿಪೂರ್ಣ ಸಂಖ್ಯೆ, 6, 28, 496, 8128ರಂತೆ. ಮೀರಿದರೆ ಸಮೃದ್ಧ ಸಂಖ್ಯೆ.

ಹೋಲಿಕೆಗೆ ಗಡಿಗೆ ಹತ್ತಿರದ ಪೆರ್ಲವನ್ನು ತೆಗೆದುಕೊಳ್ಳೋಣ. ಅದರ ಪಿನ್‌ಕೋಡು 671552. ಮತ್ತೆ ಮತ್ತೆ ಅರ್ಧ ಮಾಡುತ್ತಾ ಹೋದರೆ ಆರು ಬಾರಿ 2 ಹೊರಬಂದು 10493 ಉಳಿಯುತ್ತದೆ. 671 ಮತ್ತು 552ರ ವ್ಯತ್ಯಾಸ 119, ಅಂದರೆ 7×17; ಹಾಗಾಗಿ 7 ಭಾಜಕ. 10493 = 7×1499, ಮತ್ತು 1499 ಅವಿಭಾಜ್ಯ. ಭಾಜಕಗಳ ಮೊತ್ತ 127×8×1500 = 15,24,000; ಸಂಖ್ಯೆಯನ್ನು ಕಳೆದರೆ 8,52,448. ಇದು ಸಂಖ್ಯೆಯನ್ನು 1,80,896ರಷ್ಟು ಮೀರುತ್ತದೆ. ಪೆರ್ಲದ್ದು ಸಮೃದ್ಧ ಸಂಖ್ಯೆ. ಇದನ್ನು ಮೊತ್ತ ಮಾಡದೆಯೂ ಹೇಳಬಹುದಿತ್ತು: ಪರಿಪೂರ್ಣ ಸಂಖ್ಯೆಯೊಂದರ ಗುಣಕ, ಆ ಸಂಖ್ಯೆಯೇ ಅಲ್ಲದಿದ್ದರೆ, ಯಾವಾಗಲೂ ಸಮೃದ್ಧ. 671552 4ರಿಂದಲೂ 7ರಿಂದಲೂ ಭಾಗವಾಗುವುದರಿಂದ 28ರ ಗುಣಕ. ಅಲ್ಲಿಗೆ ತೀರ್ಮಾನ ಆದಂತೆ.

1ನ್ನು ಬಿಟ್ಟು ಬೇರೆ ಯಾವ ವರ್ಗದಿಂದಲೂ ಭಾಗವಾಗದ ಸಂಖ್ಯೆಯನ್ನು ವರ್ಗಮುಕ್ತ ಎನ್ನುತ್ತಾರೆ; 671121ರಲ್ಲಿ 9 ಭಾಜಕವಾಗಿರುವುದರಿಂದ ಅದು ವರ್ಗಮುಕ್ತವಲ್ಲ. ಅದಕ್ಕಿಂತ ಚಿಕ್ಕವಾಗಿದ್ದು ಅದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು ಎಷ್ಟೆಂಬುದಕ್ಕೆ ಆಯ್ಲರ್ ಕೊಟ್ಟ ಸೂತ್ರದಂತೆ 3×2×10×6778 = 4,06,680.

ಅಂಕಿಗಳಿಗೆ ಸಂಬಂಧಿಸಿದ ಗುಣಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಮಹಾರಾಷ್ಟ್ರದ ನಾಸಿಕದ ಹತ್ತಿರ ದೇವಲಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ (1905–1986) ತಮ್ಮ ಅಂಕಿಗಳ ಮೊತ್ತದಿಂದಲೇ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ 'ಹರ್ಷದ', ಅಂದರೆ ಹರ್ಷವನ್ನು ಕೊಡುವ ಸಂಖ್ಯೆಗಳೆಂದು ಹೆಸರಿಟ್ಟರು. 671121ರ ಅಂಕಿಗಳ ಮೊತ್ತ 18; ಆದರೆ ಸಂಖ್ಯೆ ಬೆಸ, ಹಾಗಾಗಿ ಹರ್ಷದವಲ್ಲ. ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರದ 671310ರ ಮೊತ್ತವೂ 18, ಸಂಖ್ಯೆ ಸಮ, ಭಾಗಿಸಿದರೆ 37295. ಅದು ಹರ್ಷದ ಸಂಖ್ಯೆ. ಆದರೂ ಅಂಕಿಗಳ ಗುಣ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದದ್ದು, ಬರೆಯುವ ರೀತಿ ಬದಲಿಸಿದರೆ ಅದೂ ಬದಲಾಗುತ್ತದೆ, ಅಪವರ್ತನ ಹಾಗಲ್ಲ. ಆದ್ದರಿಂದ ನಾನು ಎರಡನೆಯದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಐದನೆಯ ಹೆಜ್ಜೆ: ವರ್ಗಗಳ ಮೊತ್ತವಾಗಿ ಬರೆಯುವುದು

13 = 4+9 ಎಂಬಂತೆ 671121ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಮೊದಲ ಪರೀಕ್ಷೆ ಸುಲಭದ್ದು. ವರ್ಗಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗಗಳನ್ನು ಕೂಡಿದರೆ 0, 1 ಅಥವಾ 2. ಆದ್ದರಿಂದ 4ರಿಂದ ಭಾಗಿಸಿ 3 ಉಳಿಯುವ ಸಂಖ್ಯೆಗೆ ಇದು ಸಾಧ್ಯವೇ ಇಲ್ಲ. ನಮ್ಮ ಸಂಖ್ಯೆಯ ಕೊನೆಯ ಎರಡಂಕಿ 21, ಶೇಷ 1. ಮೊದಲ ಬಾಗಿಲು ತೆರೆದೇ ಇದೆ. ಆದರೆ ಪೂರ್ಣ ನಿಯಮ ಬೇರೆ: 4ರಿಂದ ಭಾಗಿಸಿ 3 ಉಳಿಯುವ ಪ್ರತಿ ಅವಿಭಾಜ್ಯವೂ ಅಪವರ್ತನದಲ್ಲಿ ಸಮ ಘಾತದಲ್ಲಿದ್ದರೆ ಮಾತ್ರ ಸಂಖ್ಯೆ ಎರಡು ವರ್ಗಗಳ ಮೊತ್ತವಾಗುತ್ತದೆ. 3 ಎರಡು ಬಾರಿ ಬಂದಿರುವುದರಿಂದ ತೊಂದರೆಯಿಲ್ಲ. 11 ಒಂದೇ ಬಾರಿ, 6779 ಒಂದೇ ಬಾರಿ. ಎರಡೂ 3 ಉಳಿಸುವ ಜಾತಿಯವು. ಆದ್ದರಿಂದ ಸಾಧ್ಯವಿಲ್ಲ.

ಇದನ್ನು ನಂಬಲು ಮಕ್ಕಳಿಗೆ ಸಣ್ಣ ಉದಾಹರಣೆ ಬೇಕಾಗುತ್ತದೆ. 21 ಅದಕ್ಕೆ ತಕ್ಕದ್ದು. 21 = 3×7, ಎರಡೂ 3 ಉಳಿಸುವ ಅವಿಭಾಜ್ಯಗಳು, ಗುಣಲಬ್ಧ ಮಾತ್ರ 1 ಉಳಿಸುತ್ತದೆ. 21ರಿಂದ 1, 4, 9, 16 ಕಳೆಯಿರಿ: 20, 17, 12, 5. ಒಂದೂ ವರ್ಗವಲ್ಲ.

ಎರಡು ಸಾಲದಿದ್ದರೆ ಮೂರು? ಇಲ್ಲಿ ದೊರಕಿದ ಉತ್ತರ ಬಹಳ ಚಂದದ್ದು. ಅತಿ ದೊಡ್ಡ ವರ್ಗವಾದ 670761ನ್ನು ಕಳೆದರೆ 360 ಉಳಿಯುತ್ತದೆ, ಮತ್ತು 360 = 324+36. ಆದ್ದರಿಂದ 671121 = 819² + 18² + 6². ಮೂರೂ ಆಧಾರಗಳು 3ರ ಗುಣಕಗಳು; 9ನ್ನು ತೆಗೆದರೆ 74569 = 273² + 6² + 2² ಎಂದು ಇನ್ನೊಂದು ಸಮೀಕರಣ ತಾನಾಗಿ ಸಿಗುತ್ತದೆ.

ಆರನೆಯ ಹೆಜ್ಜೆ: ಸಣ್ಣ ಭಾಜಕಗಳೇ ಸಿಗದಾಗ

671121 ನಮಗೆ ಬೇಗನೆ ಒಲಿಯಿತು. ಎಲ್ಲ ಸಂಖ್ಯೆಗಳೂ ಹೀಗೆ ಒಲಿಯುವುದಿಲ್ಲ. ಗೋವಿಂದ ಪೈಗಳ ಊರು ಮಂಜೇಶ್ವರದ ಪಿನ್‌ಕೋಡು 671323. ಅಂಕಿಗಳ ಮೊತ್ತ 22, ಹಾಗಾಗಿ 3 ಇಲ್ಲ. 671−323 = 348; 7, 11, 13 ಇಲ್ಲ. 671+323 = 994; 37 ಇಲ್ಲ. ಇಲ್ಲಿ ಬೇರೆ ಉಪಾಯವಿಲ್ಲದೆ 819ರವರೆಗಿನ ಪೂರ್ಣ ಪಟ್ಟಿಯನ್ನು ಹಿಡಿಯಬೇಕು.

ಪಟ್ಟಿಯನ್ನು ಎರಟೋಸ್ಥೆನೀಸನ ಜರಡಿಯಿಂದ ನೀವೇ ಮಾಡಿಕೊಳ್ಳಿ. 2ರಿಂದ 819ರವರೆಗೆ ಬರೆದು 2, 3, 5, 7, 11, 13, 17, 19, 23 ಎಂಬ ಒಂಬತ್ತು ಅವಿಭಾಜ್ಯಗಳನ್ನು ಉಳಿಸಿಕೊಂಡು ಅವುಗಳ ಗುಣಕಗಳನ್ನು ಹೊಡೆದರೆ ಸಾಕು. 29ರ ವರ್ಗ 841 ಆದ್ದರಿಂದ ಮುಂದೆ ಹೊಡೆಯಬೇಕಾದದ್ದು ಇರುವುದಿಲ್ಲ. ಉಳಿಯುವ ಅವಿಭಾಜ್ಯಗಳು 141. ಏಳನ್ನು ಈಗಾಗಲೇ ನೋಡಿಯಾಗಿದೆ, ಇನ್ನು 134 ಭಾಗಾಕಾರ. ಒಂದಕ್ಕೆ ಒಂದು ನಿಮಿಷದಂತೆ ಎರಡು ಗಂಟೆಗೂ ಮೇಲೆ. ನಾನು ಇದನ್ನು ಒಂದೇ ಕೂರಿನಲ್ಲಿ ಮಾಡಲು ಹೇಳುವುದಿಲ್ಲ. ದಿನಕ್ಕೆ ಇಪ್ಪತ್ತರಂತೆ ಒಂದು ವಾರ ಹಿಡಿದರೆ ತಪ್ಪುಗಳು ಕಡಿಮೆ. 107ಕ್ಕೆ ಶೇಷ 5, 127ಕ್ಕೆ 1, 281ಕ್ಕೆ 14, 601ಕ್ಕೆ 6, 787ಕ್ಕೆ 12 ಎಂದು ಹಲವು ಕಡೆ ಇನ್ನೇನು ಸಿಕ್ಕಿತು ಎನ್ನುವಷ್ಟು ಹತ್ತಿರ ಬಂದು ತಪ್ಪಿಹೋಗುತ್ತದೆ. ಕೊನೆಯ ಅವಿಭಾಜ್ಯ 811. ಅದಕ್ಕೂ 626 ಶೇಷ. ಅಲ್ಲಿಗೆ ಮಂಜೇಶ್ವರದ 671323 ಅವಿಭಾಜ್ಯವೆಂದು ಸಿದ್ಧವಾಗುತ್ತದೆ. ಅದಕ್ಕೆ ಇರುವುದು 1 ಮತ್ತು ತಾನು ಎಂಬ ಎರಡೇ ಭಾಜಕಗಳು.

ಇಷ್ಟು ಉದ್ದದ ಕೆಲಸದಲ್ಲಿ ಒಂದು ಭಾಗಾಕಾರ ತಪ್ಪಿದರೂ ಉತ್ತರವೇ ಕೆಡಬಹುದಾದ್ದರಿಂದ ಬೇರೆ ದಾರಿಯ ತಾಳೆ ಬೇಕು. ಫರ್ಮಾನ ಪ್ರಮೇಯದಂತೆ, ಬೆಸ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ 2ನ್ನು ಏರಿಸಿ ಆ ಅವಿಭಾಜ್ಯದಿಂದಲೇ ಭಾಗಿಸಿದರೆ 1 ಉಳಿಯಬೇಕು. 671322ನೆಯ ಘಾತವೆಂದರೆ ಗಾಬರಿಯಾಗಬೇಕಾಗಿಲ್ಲ. ವರ್ಗ ಮಾಡುತ್ತಾ, ಪ್ರತಿ ಬಾರಿ 671323ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತಾ ಹೋದರೆ ಸಂಖ್ಯೆ ಬೆಳೆಯುವುದೇ ಇಲ್ಲ. ಇದರ ಅರ್ಧ, 335661ನೆಯ ಘಾತಕ್ಕೆ ಹದಿನೆಂಟು ಬಾರಿ ವರ್ಗ ಮಾಡಿದರೆ ತಲುಪಬಹುದು, ನಡುನಡುವೆ ಎರಡರಿಂದ ಗುಣಿಸುವುದಷ್ಟೇ ಹೆಚ್ಚುವರಿ ಕೆಲಸ. ಅಲ್ಲಿ ಉಳಿಯುವುದು 671322, ಅಂದರೆ ಒಂದು ಕಡಿಮೆ. ಅದನ್ನು ಇನ್ನೊಮ್ಮೆ ವರ್ಗ ಮಾಡಿದರೆ 1. ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ಅವಿಭಾಜ್ಯವೆಂದು ಹೇಳುವಂತಿಲ್ಲ, ಏಕೆಂದರೆ 341 ಎಂಬ ಸಂಖ್ಯೆ 11×31 ಆಗಿದ್ದೂ ಇದನ್ನು ದಾಟುತ್ತದೆ. ಭಾಗಾಕಾರದ ಪಟ್ಟಿಯೂ ಈ ತಾಳೆಯೂ ಒಂದನ್ನೊಂದು ಬೆಂಬಲಿಸಬೇಕು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿರುವ ಗ್ನೂ ಲಿನಕ್ಸ್ ವ್ಯವಸ್ಥೆಯಲ್ಲಿ 'ಫ್ಯಾಕ್ಟರ್' ಎಂಬ ಆಜ್ಞೆಯ ಮುಂದೆ ಸಂಖ್ಯೆಯನ್ನು ಬರೆದರೆ ಅಪವರ್ತನಗಳು ಕ್ಷಣದಲ್ಲಿ ಬರುತ್ತವೆ. ಕೈಯಲ್ಲಿ ಮಾಡಿ ಮುಗಿಸಿದ ಮೇಲೆ ಅದನ್ನೂ ನೋಡಿ.

ಏಳನೆಯ ಹೆಜ್ಜೆ: ಒಂದು ಪಟ್ಟಿಯಿಂದ ನೆರೆಯೂರುಗಳಿಗೆ

ಮಂಜೇಶ್ವರದ 141 ಶೇಷಗಳ ಪುಟವನ್ನು ಹರಿದು ಎಸೆಯಬೇಡಿ. ಇಡೀ ಜಿಲ್ಲೆಯ ಕೋಡುಗಳಿಗೆ 819ರ ಮಿತಿ ಒಂದೇ ಆದ್ದರಿಂದ, ಆ ಒಂದು ಪುಟ ಉಳಿದ ಎಲ್ಲ ಊರುಗಳಿಗೂ ಸಾಕು.

ಕರಾವಳಿಯ ರೈಲುಹಾದಿಯಲ್ಲಿ ಉತ್ತರಕ್ಕೆ ಹೋಗುವಾಗ ಕುಂಬಳೆ, ಉಪ್ಪಳ, ಮಂಜೇಶ್ವರ ಈ ಅನುಕ್ರಮದಲ್ಲಿ ಬರುತ್ತವೆ. ಅವುಗಳ ಕೋಡುಗಳೂ 671321, 671322, 671323 ಎಂದು ಸಾಲಾಗಿವೆ. ಉಪ್ಪಳದ್ದು ಒಂದು ಕಡಿಮೆ. ಆದ್ದರಿಂದ ಮಂಜೇಶ್ವರದ ಪಟ್ಟಿಯಲ್ಲಿ ಶೇಷ 1 ಎಲ್ಲಿದೆಯೋ ಅಲ್ಲಿ ಉಪ್ಪಳಕ್ಕೆ 0. ಶೇಷ 1 ಇರುವುದು 2, 3 ಮತ್ತು 127ಕ್ಕೆ. ಭಾಗಿಸಿ ನೋಡಿದರೆ 671322 = 2×3×127×881. ಇದು 6ರ ಗುಣಕವಾದ್ದರಿಂದ ಸಮೃದ್ಧ ಸಂಖ್ಯೆ ಎಂದೂ ಕೂಡಲೇ ಹೇಳಬಹುದು. ಕುಂಬಳೆಗೆ ಶೇಷ 2 ಇರುವ ಜಾಗಗಳನ್ನು ಹುಡುಕಬೇಕು; 7ಕ್ಕೂ 29ಕ್ಕೂ ಶೇಷ 2 ಇದೆ. 671321 = 7×29×3307. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ, ವರ್ಗಮುಕ್ತ, ಮತ್ತು ನ್ಯೂನ. ಒಂದರ ಪಕ್ಕ ಒಂದಾಗಿ ನಿಂತ ಮೂರು ಸಂಖ್ಯೆಗಳಲ್ಲಿ ಒಂದು ಅವಿಭಾಜ್ಯ, ಒಂದು ಸಮೃದ್ಧ, ಒಂದು ನ್ಯೂನ ಸಂಯುಕ್ತ.

ದೂರದ ಕೋಡುಗಳಿಗೆ ವ್ಯತ್ಯಾಸವನ್ನು ಕೂಡಬೇಕು. ಬದಿಯಡ್ಕದ 671551 ಮಂಜೇಶ್ವರಕ್ಕಿಂತ 228 ಹೆಚ್ಚು. 17ರ ಸಾಲಿನಲ್ಲಿ ಶೇಷ 10 ಇದೆ; 10+228 = 238, ಅಂದರೆ 17×14. ಹಾಗಾಗಿ ಬದಿಯಡ್ಕದ ಸಂಖ್ಯೆ 17×39503. ಮುಳ್ಳೇರಿಯದ 671543ಕ್ಕೆ 220 ಕೂಡಬೇಕು. ಪಟ್ಟಿಯ ಮೇಲಿನಿಂದ ಕೂಡುತ್ತಾ ಬಂದರೆ 139ರವರೆಗೂ ಏನೂ ಸಿಗುವುದಿಲ್ಲ; ಬಿಟ್ಟುಬಿಡೋಣ ಎನಿಸುವ ಹೊತ್ತಿಗೆ 149ರ ಸಾಲಿನಲ್ಲಿ ಶೇಷ 78 ಇರುತ್ತದೆ, 78+220 = 298, ಅದು 149ರ ಎರಡರಷ್ಟು. 671543ನ್ನು 149ರಿಂದ ಭಾಗಿಸಿದರೆ 4507. ಇದರ ವರ್ಗಮೂಲ 68ನ್ನು ಮುಟ್ಟುವುದಿಲ್ಲ, ಅಲ್ಲಿಯವರೆಗಿನ ಅವಿಭಾಜ್ಯಗಳನ್ನೆಲ್ಲ ನೀವು ಆಗಲೇ ದಾಟಿ ಬಂದಿದ್ದೀರಿ. ಆದ್ದರಿಂದ 4507 ಅವಿಭಾಜ್ಯ, ಮತ್ತು ಮುಳ್ಳೇರಿಯದ ಅಪವರ್ತನ ಅಲ್ಲಿಗೆ ಪೂರ್ಣ.